ಮಠದ ಲೇಖಕ, ಲೈಬ್ರರಿಯ ಲೇಖಕ

ಹೂಟಗಳ್ಳಿ
೯ ಸೆಪ್ಟೆಂಬರ್ ೨೦೦೩, ಮಂಗಳವಾರ

ಒಂಟಿಕೊಪ್ಪಲಿನ ನನ್ನ ಪ್ರೇಮಲೀಲಾ ಅತ್ತೆಗೆ, ನಿಶ್ಚಿತಾ ಮಾಡುವ ಶರಣು.

ಶುಕ್ರವಾರದಿಂದ ಫೋನ್ ಮಾಡುತ್ತಿದ್ದೇನೆ. ಪ್ರತಿ ಸಲವೂ ಪ್ರಭುಸ್ವಾಮಿ ಮಾವನೇ ಎತ್ತಿ, "ನಿಮ್ಮತ್ತೆ ಮಾತಾಡಲ್ವಂತೆ ಕಣಮ್ಮ, ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ಹರಿದು ಹಾಕಬೇಡಿ, ಪೂರ್ತಿ ಓದಿ. ನಿಮ್ಮ ಕಾರ್ಡುಗಳು ಗೆದ್ದವು ಅತ್ತೆ. ಒಂದಕ್ಷರವೂ ಬದಲಾಗದೆ ಗೆದ್ದವು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಗುರುವಾರ ನಮ್ಮ ಆಫೀಸಿನಲ್ಲಿ ಆದದ್ದು ನನ್ನನ್ನು ಇನ್ನೂ ಚುಚ್ಚುತ್ತಿದೆ. ಮಠದ ಓಲೆಗರಿಗಳಿಗೆ ಹನ್ನೊಂದು ವರ್ಷ ಕೂತು ನೀವು ಬರೆದ ಒಂಬೈನೂರ ನಲವತ್ತು ವಿವರದ ಕಾರ್ಡು ಒಂದು ಕಡೆ, ಊರಿನ ಹಳೇ ಲೈಬ್ರರಿಯೊಂದರ ಹಸ್ತಪ್ರತಿಗಳ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಒಂದೇ ಕಡತಕ್ಕೆ ತಂದು, ಯಾರು ಬೇಕಾದರೂ ಹುಡುಕುವ ಹಾಗೆ ಮಾಡುವುದು ನಮ್ಮ ಕೆಲಸ. ನಿಮ್ಮ ಕಾರ್ಡಿನಲ್ಲಿ 'ಲೇಖಕ' ಎಂದರೆ ಓಲೆಯ ಮೇಲೆ ಕಂಟದಿಂದ ಕೊರೆದು ನಕಲು ಮಾಡಿದವನು, ಕೃತಿ ಕಟ್ಟಿದವನು 'ಕವಿ'. ಲೈಬ್ರರಿಯ ಪಟ್ಟಿಯಲ್ಲಿ ಕೃತಿ ಕಟ್ಟಿದವನೇ 'ಲೇಖಕ', ನಕಲು ಮಾಡಿದವನು 'ಪ್ರತಿಕಾರ'. ಎರಡನ್ನೂ ಬೆರೆಸಿದ ಕೂಡಲೇ ನಿಮ್ಮ ನಕಲುಗಾರರೆಲ್ಲ ರಾತ್ರೋರಾತ್ರಿ ಕವಿಗಳಾಗಿಬಿಟ್ಟರು.

ಆಫೀಸಿನ ಮುಖ್ಯಸ್ಥರಾದ ವಿಶ್ವನಾಥ್ ಸರ್ ಬಹಳ ಹಗುರವಾಗಿ, "ಮೇಡಂ, ನಿಮ್ಮ ಕಾರ್ಡಲ್ಲಿರೋ ಲೇಖಕನ್ನೆಲ್ಲ ಪ್ರತಿಕಾರ ಅಂತ ಮಾಡ್ಬುಡೋಣ, ಐದು ನಿಮಿಷದ ಕೆಲಸ" ಎಂದರು. ನೀವು ಕಾಫಿ ಲೋಟ ಕೆಳಗಿಟ್ಟಿರಿ. "ಓಲೆ ಕೊನೇಲಿ ಅವರೇ ತಮ್ಮನ್ನ ಲೇಖಕ ಅಂತ ಕರ್ಕೊಂಡಿದಾರೆ ಕಣ್ರೀ. ಅದನ್ನ ತಿದ್ದೋಕೆ ನಾನ್ಯಾರು, ನೀವ್ಯಾರು? ಆಗಲ್ಲ ಅಂದ್ರೆ ನನ್ನ ಕಾರ್ಡು ವಾಪಸ್ ಕೊಟ್ಬುಡಿ" ಎಂದಿರಿ. ಆಮೇಲೆ ನನ್ನ ಕಡೆ ನೋಡಿದಿರಿ. ನಾನು ಕೀಬೋರ್ಡ್ ನೋಡುತ್ತ ಕೂತೆ. ನೀವು ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು. ಸೋಮವಾರ ಕಾರ್ಡಿನ ಪೆಟ್ಟಿಗೆಗಳನ್ನು ಮಠಕ್ಕೆ ಹಿಂತಿರುಗಿಸಿ, ಲೈಬ್ರರಿಯ ಪಟ್ಟಿಯೊಂದನ್ನೇ ಮುಂದುವರಿಸುವುದೆಂದು ಸರ್ ಅಲ್ಲೇ ತೀರ್ಮಾನಿಸಿದರು.

ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ನನ್ನನ್ನು ಮಠಕ್ಕೆ ಕರೆದೊಯ್ಯುತ್ತಿದ್ದಿರಿ. ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಮಸಿ ತಿಕ್ಕಿದರೆ, ಏನೂ ಇಲ್ಲದಲ್ಲಿ ಸಾಲುಸಾಲು ಅಕ್ಷರ ಎದ್ದು ಬರುತ್ತಿತ್ತು. "ಇದನ್ನ ಕೊರೆದೋರ ಬೆನ್ನು ಎಷ್ಟು ನೊಂದಿರ್ಬೇಕು ಕಣೇ. ಅವರ ಹೆಸರು ಬಿಟ್ರೆ ನನಗೆ ನಿದ್ದೆ ಬರಲ್ಲ" ಎನ್ನುತ್ತಿದ್ದಿರಿ. ಗುರುವಾರ ಸಂಜೆ ಬಸ್ಸಿನಲ್ಲಿ ಅದೇ ನೆನಪಾಗುತ್ತಿತ್ತು. ಸೋಮವಾರದೊಳಗೆ ಏನಾದರೂ ಮಾಡಲೇಬೇಕು ಎಂದುಕೊಂಡೆ.

ನಮ್ಮ ಕಡತ ಎಕ್ಸ್‌ಎಂಎಲ್‌ನಲ್ಲಿದೆ. ಪ್ರತಿಯೊಂದು ಮಾಹಿತಿಗೂ ಅದೇನೆಂದು ಹೇಳುವ ಚೀಟಿ ಅಂಟಿಸುವ ಬಗೆ ಅದು. ಯಾವ ಚೀಟಿ ಎಲ್ಲಿರಬೇಕು, ಯಾವುದು ಖಾಲಿ ಇರಬಾರದು ಎಂಬ ನಿಯಮಗಳ ಪಟ್ಟಿಗೆ ಸ್ಕೀಮಾ ಎನ್ನುತ್ತಾರೆ. ಚೀಟಿ ಯಾರ ಮನೆಯದು ಎಂದು ಹೇಳುವುದಕ್ಕೂ ಒಂದು ವ್ಯವಸ್ಥೆ ಇದೆ, ನೇಮ್‌ಸ್ಪೇಸ್. ಮಠಕ್ಕೊಂದು, ಲೈಬ್ರರಿಗೊಂದು ಉದ್ದನೆಯ ವಿಳಾಸ ಕೊಟ್ಟೆ. ಆ ವಿಳಾಸದಲ್ಲಿ ಯಾವ ಪುಟವೂ ತೆರೆಯಬೇಕಿಲ್ಲ, ಬೇರೆಯವರು ಬಳಸದ ಹೆಸರಾದರೆ ಸಾಕು. ಅಷ್ಟುದ್ದ ಪ್ರತಿ ಸಲ ಬರೆಯಲಾಗದೆಂದು ಚೀಟಿಯ ಹೆಸರಿನ ಮುಂದೆ ಅದರ ಬದಲು ಒಂದು ಗಿಡ್ಡ ಗುರುತು. ನಿಮ್ಮದು 'ಮಠ:ಲೇಖಕ', ಲೈಬ್ರರಿಯದು 'ಗ್ರಂಥ:ಲೇಖಕ'. ಕಂಪ್ಯೂಟರಿಗೆ ಇವೆರಡೂ ಸಂಬಂಧವೇ ಇಲ್ಲದ ಹೆಸರುಗಳು. ಇದನ್ನು ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಬೇಕಾಗಿ ಬಂದಿರಲಿಲ್ಲ ಅಷ್ಟೇ.

ಶುಕ್ರವಾರ ಒಂದೇ ಸ್ಕೀಮಾದಲ್ಲಿ ಮಠ, ಲೈಬ್ರರಿ ಇಬ್ಬರನ್ನೂ ಕೂರಿಸಲು ನೋಡಿದೆ. ಆಗಲಿಲ್ಲ, ಒಂದು ಸ್ಕೀಮಾಗೆ ಒಂದೇ ಮನೆ. ಹಾಗಾಗಿ ಇಬ್ಬರಿಗೂ ಬೇರೆಬೇರೆ ಬರೆದು, ಇಬ್ಬರನ್ನೂ ಕರೆಯುವ ಮೂರನೆಯದೊಂದನ್ನು ಬರೆದೆ. ಅದರಲ್ಲಿ 'ಇಂಕ್ಲೂಡ್' ಎಂದು ಹಾಕಿದೆ. ಅದು ಸ್ವಂತ ಮನೆಯವರನ್ನು ಮಾತ್ರ ಒಳಗೆ ಬಿಡುತ್ತದಂತೆ. ಬೇರೆ ಮನೆಯವರಿಗೆ 'ಇಂಪೋರ್ಟ್' ಬೇಕು. ಇಷ್ಟು ತಿಳಿಯಲು ಶನಿವಾರ ಮಧ್ಯಾಹ್ನವಾಯಿತು. ಸರಿಪಡಿಸಿ ಪರೀಕ್ಷೆಗೆ ಬಿಟ್ಟರೆ ನಿಮ್ಮ ಒಂಬೈನೂರ ನಲವತ್ತು ಕಾರ್ಡಿನಲ್ಲಿ ಒಂದೂ ಪಾಸಾಗಲಿಲ್ಲ. ಅಳು ಬಂದಿತ್ತು ಅತ್ತೆ, ಸುಳ್ಳು ಹೇಳುವುದಿಲ್ಲ.

ಭಾನುವಾರ ಊಟ ಮಾಡಿ ಮತ್ತೆ ಆಫೀಸಿಗೆ ಹೋದೆ. ತಪ್ಪಿನ ಸಾಲುಗಳನ್ನು ಒಂದೊಂದಾಗಿ ಓದಿದಾಗ ಹೊಳೆಯಿತು. 'ಕಾರ್ಡು' ಎಂಬ ಹೊರಗಿನ ಚೀಟಿಯನ್ನು ಮಾತ್ರ ಅದು ಮಠದ್ದೆಂದು ಒಪ್ಪಿತ್ತು. ಒಳಗಿನ ಕವಿ, ಲೇಖಕ ಯಾವ ಮನೆಗೂ ಸೇರದವರು ಎನ್ನುತ್ತಿತ್ತು. ಒಳಗಿನವರೂ ಇದೇ ಮನೆಯವರು ಎಂದು ಸ್ಕೀಮಾದ ತಲೆಯಲ್ಲಿ ಒಂದು ಮಾತು ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಹೇಳಿದೆ. ಪರೀಕ್ಷೆಯನ್ನು ಮತ್ತೆ ಓಡಿಸಿದೆ. ತಪ್ಪುಗಳ ಪಟ್ಟಿ ಮೂರೇ ಸಾಲಿಗೆ ಇಳಿಯಿತು. ನಾನು ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ, ಮತ್ತೆ ಬಂದು ನೋಡಿದೆ. ಮೂರೇ.

ಸೋಮವಾರ ಬೆಳಿಗ್ಗೆ ಸರ್ ಚೀಲ ಇಡುವ ಮೊದಲೇ ತೋರಿಸಿದೆ. "ಪದ ಬದಲಾಯಿಸದೇನೇ ಆಯ್ತಾ?" ಎಂದು ಎರಡು ಸಲ ಕೇಳಿದರು. ಗುರುವಾರ ಹೇಳಬೇಕಿದ್ದ ಮಾತನ್ನು ಆಗ ಹೇಳಿದೆ. "ಸರ್, ನಮ್ಮತ್ತೆ ಬರೆದಿದ್ರಲ್ಲಿ ತಪ್ಪಿರಲಿಲ್ಲ. ಬೆರೆಸೋದು ನಮಗೆ ಗೊತ್ತಿರಲಿಲ್ಲ." ಅವರು ಬಾಗಿಲ ಬಳಿ ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನು ತಾವೇ ಎತ್ತಿ ಬೀರುವಿನಲ್ಲಿಟ್ಟರು.

ಆಮೇಲೆ ಆದದ್ದನ್ನು ಕೇಳಿ. ನಕಲು ಮಾಡಿದವರ ಹೆಸರು ಕೊಟ್ಟರೆ ನಿಮ್ಮ ಲೇಖಕರನ್ನೂ ಲೈಬ್ರರಿಯ ಪ್ರತಿಕಾರರನ್ನೂ ಒಟ್ಟಿಗೆ ಹುಡುಕುವ ಹಾಗೆ ಮಾಡಿದ್ದೆ. ಕಾರ್ಡುಗಳನ್ನೆಲ್ಲ ಟೈಪ್ ಮಾಡಿದ ವರ್ಷಿಣಿ, "ಮಂಗಳಮ್ಮ ಅಂತ ಹಾಕ್ನೋಡು, ಆ ಹೆಸರು ತುಂಬ ಸಲ ಹೊಡ್ದಿದೀನಿ" ಎಂದಳು. ಹಾಕಿದೆ. 'ಸಿದ್ದಲಿಂಗಯ್ಯನ ಮಗಳು ಮಂಗಳಮ್ಮ' ಕೊರೆದ ಓಲೆಕಟ್ಟುಗಳು ಮಠದಲ್ಲಿ ಆರು. ಕೆಳಗೆ ಲೈಬ್ರರಿಯಿಂದ ಇನ್ನೆರಡು, ಅದೇ ತಂದೆಯ ಹೆಸರು, ಕೊರೆದ ಕಾಲಕ್ಕೆ ನಾಲ್ಕೇ ವರ್ಷದ ಅಂತರ! ಇನ್ನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಎಂಟು ಗ್ರಂಥ ಕೊರೆದಿದ್ದಾಳೆ. ಒಂದೇ ಊರಿನ ಎರಡು ಕಪಾಟುಗಳಲ್ಲಿ ಅವಳಿದ್ದಳು, ಯಾರಿಗೂ ತಿಳಿದಿರಲಿಲ್ಲ. ವರ್ಷಿಣಿ ನನ್ನ ಭುಜ ಹಿಡಿದು ಅಲುಗಾಡಿಸಿದಳು. ಸರ್ ಲೈಬ್ರರಿಗೆ ಫೋನ್ ಮಾಡಲು ಓಡಿದರು.

ಉಳಿದ ಮೂರು ತಪ್ಪಿನಲ್ಲಿ ಎರಡು ಟೈಪಿನವು, ತಿದ್ದಿದೆವು. ಮೂರನೆಯದು ನಿಮ್ಮ ನಾನೂರ ಹನ್ನೆರಡನೇ ಕಾರ್ಡು. ಲೇಖಕನ ಜಾಗ ಖಾಲಿ ಇದೆ, ಸ್ಕೀಮಾ ಒಪ್ಪುತ್ತಿಲ್ಲ. ಸರ್ "ತಿಳಿಯದು ಅಂತ ಹಾಕು" ಎಂದರು. ನಾನು ಕಾರ್ಡು ತಿರುಗಿಸಿ ಹಿಂದೆ ನೀವು ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ತೋರಿಸಿದೆ: 'ಕೊನೆಯ ಗರಿ ಮುರಿದಿದೆ, ಮತ್ತೆ ನೋಡಬೇಕು.' ಮಠದಲ್ಲಿ ವಿಚಾರಿಸಿದೆ. ಚೂರುಗಳು ಓಲೆಕಟ್ಟು ಸುತ್ತಿದ ಬಟ್ಟೆಯಲ್ಲೇ ಹಾಗೇ ಇವೆಯಂತೆ. ಜೋಡಿಸಿ ಓದಬಲ್ಲವರು ನಮ್ಮಲ್ಲಿ ಯಾರೂ ಇಲ್ಲ.

ಈ ಗುರುವಾರ, ೧೧ನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ವಿಶ್ವನಾಥ್ ಸರ್ ತಾವೇ ನಿಮ್ಮ ಮನೆಗೆ ಬರುತ್ತಾರೆ, ಕ್ಷಮೆ ಕೇಳಿ ನಿಮ್ಮನ್ನು ಮಠಕ್ಕೆ ಕರೆದೊಯ್ಯಲು. ಜೊತೆಗೆ ನಾನೂ ಇರುತ್ತೇನೆ, ನನ್ನದೂ ಒಂದು ಕ್ಷಮೆ ಬಾಕಿ ಇದೆ. ನೀವು ಓದಿ ಹೇಳುವವರೆಗೂ ಆ ಖಾಲಿ ಜಾಗವನ್ನು ಯಾರಿಗೂ ಮುಟ್ಟಲು ಬಿಡುವುದಿಲ್ಲ.

ನಿಮ್ಮ ಕಣ್ಣಿನ ಬೆಳಕು ನೂರು ಕಾಲ ಹೀಗೇ ಇರಲಿ ಅತ್ತೆ. ಕನ್ನಡಕ ಮರೆಯದೆ ತನ್ನಿ.

ಶರಣಾರ್ಥಿಗಳೊಂದಿಗೆ,
ನಿಮ್ಮ ನಿಶ್ಚಿತಾ