ಹಾವು ಎಂದು ಕೂಗದ ಬೆಳಿಗ್ಗೆ

ಜೂನ್ ೨೩, ಭಾನುವಾರ

ಪ್ರೀತಿಯ ಗುಬ್ಬಿಗೆ,

ನಾನಿಲ್ಲಿ ಕ್ಷೇಮ; ಅಂದರೆ ಊಟ, ನಿದ್ದೆ ಹೇಗೋ ನಡೆಯುತ್ತಿದೆ ಎಂಬಷ್ಟು. ನಿನ್ನ ಎರಡು ಪತ್ರಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯಲು ಕೂತವನು ಎದ್ದುಬಿಟ್ಟೆ. ಎರಡನೆಯದು ಬಂದ ಮೇಲೆ ಕೂರುವುದಕ್ಕೇ ಹೆದರಿದೆ. ನೀನು ಫೋನ್ ಮಾಡಿದಾಗಲೆಲ್ಲ ಕೆಲಸ ಜಾಸ್ತಿ ಎಂದು ಜಾರಿಕೊಂಡೆ. ಚಿಕ್ಕಂದಿನಿಂದಲೂ ನನ್ನ ಸುಳ್ಳು ನಿನ್ನ ಮುಂದೆ ನಡೆದದ್ದಿಲ್ಲ, ಇದೂ ನಡೆದಿರಲಾರದು. ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ.

ಭಾವನ ಗಂಟಲು ಇನ್ನೂ ಒಡಕಾಗಿಯೇ ಇದೆ, ಮಗಳು “ಅಪ್ಪನ ದನಿ ಯಾರೋ ಎತ್ಕೊಂಡು ಹೋಗಿದ್ದಾರೆ” ಅನ್ನುತ್ತಾಳೆ ಎಂದು ಬರೆದಿದ್ದೀಯ. ಓದಿ ನಗು ಬಂತು, ಆಮೇಲೆ ತುಂಬ ಹೊತ್ತು ಪತ್ರ ಮಡಚಲಾಗಲಿಲ್ಲ. ಉಸಿರಾಟದ ಕೊಳವೆ ಹಾಕಿದ್ದರಿಂದ ಹಾಗಾಗಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ಹೆದರಬೇಡ.

ಅಲ್ಲಿ ಎಲ್ಲರಿಗೂ ಹಾವು ಕಚ್ಚಿದರೆ ಏನು ಮಾಡಬೇಕೆಂಬ ತರಬೇತಿ ಆಗಿತ್ತಲ್ಲ, ಹಾಗಿದ್ದೂ ಭಾವನಿಗೆ ಕಚ್ಚಿದ್ದು ಅಷ್ಟು ಹೊತ್ತು ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ಕೇಳಿದ್ದೀಯ. ನಿನಗೆ ಉತ್ತರ ಕೊಡಬೇಕಾದವನು ನಾನೇ. ನೀನು ಕೇಳಿಕೊಂಡೆ ಎಂದು ಭಾವನನ್ನು ಇಲ್ಲಿ ಕೆಲಸಕ್ಕೆ ಸೇರಿಸಿಕೊಂಡವನೂ ನಾನೇ.

ನಮ್ಮ ಸೋಲಾರ್ ಘಟಕವನ್ನು ನೀನು ಒಳಗೆ ಬಂದು ನೋಡಿಲ್ಲ. ಕಣ್ಣು ಹಾಯುವಷ್ಟು ದೂರ ಸಾಲುಸಾಲು ಪ್ಯಾನೆಲ್ಲುಗಳು, ಅವುಗಳಡಿ ನೆರಳು, ನೆರಳಲ್ಲಿ ಹುಲ್ಲು, ಹುಲ್ಲಲ್ಲಿ ಇಲಿ. ಇಲಿಯನ್ನು ಹುಡುಕಿಕೊಂಡು ಹಾವು ಬರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಭಾವ ಪ್ಯಾನೆಲ್ ತೊಳೆಯುತ್ತಿದ್ದ ಪೈಪನ್ನು ಬಿಸಾಕಿ “ಹಾವು, ಹಾವು” ಎಂದು ಕೂಗುತ್ತ ಓಡಿಬಂದರು. ಅಕ್ಕಪಕ್ಕದ ಸಾಲಿನವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದರು. ನಾನು ಕೋಲು ಹಿಡಿದು ಹೋಗಿ ನೋಡಿದರೆ ಒಂದು ಮೊಳದ ಕಪ್ಪು ಕೇಬಲ್ ತುಂಡು. ಅದನ್ನೆತ್ತಿ ಎಲ್ಲರೆದುರು ಅವರ ಹೆಗಲಿಗೆ ಹಾಕಿ “ಬನ್ನಿ, ಕೇಬಲ್ ಸಾಹೇಬ್ರೇ” ಎಂದೆ. ಹೆಸರು ಅಂಟಿಕೊಂಡಿತು. ಊಟದ ಕೋಣೆಯಲ್ಲಿ ಅವರ ಡಬ್ಬಿಗೆ ಯಾರೋ ವೈರು ಸುತ್ತಿಡುವುದು, ಗೇಟಿನಲ್ಲಿ ಕಾವಲಿನವನು ಬುಸ್ ಎನ್ನುವುದು ಶುರುವಾಯಿತು. ಭಾವನೂ ನಗುತ್ತಿದ್ದರು. ಅವರೇ ನಗುತ್ತಿರುವಾಗ ನನಗೇನು ಎಂದು ನಾನು ಸುಮ್ಮನಿದ್ದೆ.

ಆಮೇಲೆ ತರಬೇತಿ ಬಂತು. ಪಾಠ ಹೇಳಲು ಬಂದಾಕೆ ಮೆಲುದನಿಯ ಹೆಂಗಸು. ಬುಟ್ಟಿ ಇಲ್ಲ, ಹಾವಿಲ್ಲ. ನಮ್ಮವರಿಗೆಲ್ಲ ಸ್ವಲ್ಪ ನಿರಾಸೆಯೇ ಆಯಿತು. ಜೀಪಿನ ಡ್ರೈವರನ್ನು ಬೆಂಚಿನ ಮೇಲೆ ಮಲಗಿಸಿ, ಇವರಿಗೆ ಹಾವು ಕಚ್ಚಿದೆ ಅಂದ್ಕೊಳ್ಳಿ ಎಂದರು. ಪುಣ್ಯಾತ್ಮ ಎರಡು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ. ಆಕೆ ನಕ್ಕು, ಅವನ ಗಡಿಯಾರ ಬಿಚ್ಚಿ, ಕೈಯಡಿ ಒಂದು ಮರದ ಪಟ್ಟಿ ಕೊಟ್ಟು ಅಲ್ಲಾಡದ ಹಾಗೆ ಬಟ್ಟೆ ಸುತ್ತಿ ತೋರಿಸಿದರು. “ಬಿಗಿಯಾಗಿ ಹಗ್ಗ ಕಟ್ಬೇಡಿ, ಕುಯ್ಬೇಡಿ, ಬಾಯಿಟ್ಟು ಹೀರ್ಬೇಡಿ, ಹಾವು ಹುಡುಕ್ತಾ ಹೊತ್ತು ಕಳೀಬೇಡಿ. ನಡೆಸ್ದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕೆಲವು ಹಾವು ಕಚ್ಚಿದ್ರೆ ನೋವೇ ಇರಲ್ಲ, ಊದೋದೂ ಇಲ್ಲ. ಮೊದಲು ರೆಪ್ಪೆ ಮುಚ್ಚಿಕೊಳ್ಳುತ್ತೆ, ಆಮೇಲೆ ಮಾತು ಹೋಗುತ್ತೆ, ಆಮೇಲೆ ಉಸಿರು” ಎಂದರು.

ಇಲ್ಲಿ ಯಾರಾದರೂ ಹಾವು ನೋಡಿದ್ದೀರಾ ಎಂದು ಅವರು ಕೇಳಿದಾಗ ಹಿಂದಿನಿಂದ ನಾನೇ ಎದ್ದು ಕೇಬಲ್ಲಿನ ಕಥೆ ಹೇಳಿದೆ. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆಕೆ ಒಬ್ಬರೇ ನಗಲಿಲ್ಲ. “ಅವರು ಮಾಡಿದ್ದೇ ಸರಿ. ಅನುಮಾನ ಬಂದ್ರೆ ಕೂಗ್ಬೇಕು. ಹತ್ತು ಸಲ ಸುಳ್ಳಾದ್ರೂ ಪರವಾಗಿಲ್ಲ” ಎಂದರು. ನಾನು ಬಿಡಲಿಲ್ಲ. “ಹತ್ತು ಸಲ ಕೆಲಸ ನಿಲ್ಲಿಸಿದ್ರೆ ನಮ್ಮ ಸಂಬಳ ನೀವು ಕೊಡ್ತೀರಾ ಮೇಡಂ?” ಎಂದೆ. ಮತ್ತೆ ನಗು. ಈ ಸಲ ಭಾವ ತಲೆ ಬಗ್ಗಿಸಿ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದರು.

ಆ ಬೆಳಿಗ್ಗೆಯ ವಿಷಯ. ಪ್ಯಾನೆಲ್ ತೊಳೆಯುವ ಕೆಲಸ ಬಿಸಿಲಿಗೆ ಮುಂಚೆ, ಇನ್ನೂ ಮಬ್ಬುಗತ್ತಲಿರುವಾಗಲೇ ಶುರುವಾಗುತ್ತದೆ. ಸ್ಟ್ಯಾಂಡಿನ ಕಾಲಿಗೆ ಸಿಕ್ಕಿಕೊಂಡ ಪೈಪನ್ನು ಬಿಡಿಸಲು ಭಾವ ಹುಲ್ಲಿನೊಳಗೆ ಕೈ ಹಾಕಿದ್ದಾರೆ. ಮುಂಗೈಗೆ ಏನೋ ಚುರುಕ್ ಎಂದಿದೆ. ರಕ್ತ ಇಲ್ಲ, ಬಾವು ಇಲ್ಲ. ತಿಂಡಿಯ ಹೊತ್ತಿನವರೆಗೂ ಕೆಲಸ ಮಾಡಿದರು.

ತಿಂಡಿಗೆ ಕೂತಾಗ ಡ್ರೈವರ್ ನನ್ನ ಪಕ್ಕ ಬಂದು “ಸಾರ್, ಇವರು ಬೆಳಿಗ್ಗೆಬೆಳಿಗ್ಗೆ ಹಾಕ್ಕೊಂಡು ಬಂದಿದ್ದಾರಾ? ಮಾತು ತೊದಲ್ತಿದೆ” ಎಂದ. ತಿರುಗಿ ನೋಡಿದೆ. ಭಾವ ನೀರಿನ ಲೋಟ ಹಿಡಿದು ಕೂತಿದ್ದರು, ನುಂಗಲಾಗದೆ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ರೆಪ್ಪೆ ಅರ್ಧ ಮುಚ್ಚಿತ್ತು. ನನ್ನನ್ನು ನೋಡಲು ಅವರು ಬೆರಳಿನಿಂದ ಒಂದು ರೆಪ್ಪೆ ಎತ್ತಿಕೊಂಡರು, ಗುಬ್ಬಿ.

ಆಮೇಲೆ ಆ ಹೆಂಗಸು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದೆ. ಉಂಗುರ ಬಿಚ್ಚಿದೆ, ಕೈಗೆ ಪಟ್ಟಿ ಕಟ್ಟಿದೆ. ನಾಲ್ವರು ಎತ್ತಿ ಜೀಪಿನಲ್ಲಿ ಎಡಮಗ್ಗುಲಿಗೆ ಮಲಗಿಸಿದೆವು. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿಸಿದೆ. ದಾರಿಯುದ್ದಕ್ಕೂ ಅವರ ಮೂಗಿನ ಹತ್ತಿರ ನನ್ನ ಅಂಗೈ ಇಟ್ಟುಕೊಂಡಿದ್ದೆ. ಬಾಗಿಲಲ್ಲೇ ಕಾಯುತ್ತಿದ್ದವರು ಸ್ಟ್ರೆಚರಿಗೆ ಹಾಕಿಕೊಂಡು ಓಡಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಉಸಿರು ದಾರಿಯಲ್ಲೇ ನಿಲ್ಲುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಮುಂದಿನದು ನಿನಗೆ ಗೊತ್ತು. ನೀನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದೆ. ಮಶೀನು ಉಸಿರಾಡಿಸುತ್ತಿದ್ದ ಗಂಡನನ್ನು ಗಾಜಿನಾಚೆಯಿಂದ ನೋಡಿದೆ. ಒಂದು ಹನಿ ಕಣ್ಣೀರು ಹಾಕದೆ ನನ್ನ ಎರಡೂ ಕೈ ಹಿಡಿದು “ಅಣ್ಣ, ನೀನಿದ್ದಿದ್ದಕ್ಕೆ ಇವರು ಉಳ್ಕೊಂಡ್ರು” ಎಂದೆ. ಆ ಮಾತು ಕೇಳಿದ ದಿನದಿಂದ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಕೊಳವೆ ತೆಗೆದ ಮೇಲೆ ಭಾವ ಪಿಸುದನಿಯಲ್ಲಿ ಹೇಳಿದ್ದನ್ನು ನೀನೂ ಕೇಳಿದೆ: “ಮುಳ್ಳು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ.”

ಇಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದಾರೆ. ಹೊಸಬರಿಗೆ ಇನ್ನು ಮುಂದೆ ನೀವೇ ತರಬೇತಿ ಕೊಡಿ ಎಂದು ಹೋದ ವಾರ ಮ್ಯಾನೇಜರು ಹೇಳಿದ್ದರು. ಕೇಬಲ್ ಸಾಹೇಬರು ಯಾವಾಗ ಬರುತ್ತಾರೆ ಎಂದು ಮೊನ್ನೆ ಒಬ್ಬ ಕೇಳಿದ. ಅವರಿಗೊಂದು ಹೆಸರಿದೆ, ಅದರಲ್ಲಿ ಕರೆ ಎಂದು ರೇಗಿದೆ. ಅವನು ಕಕ್ಕಾಬಿಕ್ಕಿಯಾದ, ಆ ಹೆಸರು ಇಟ್ಟವನೇ ನಾನಲ್ಲವೇ.

ಭಾವನಿಗೆ ಬಿಸಿನೀರು ಕೊಡುತ್ತಿರು, ಜಾಸ್ತಿ ಮಾತಾಡಿಸಬೇಡ. ಮಗಳಿಗೆ ಮಾವನ ಮುತ್ತು. ನಿಮ್ಮ ಮನೆ ನಗುನಗುತ್ತ ಇರಲಿ, ನೀನು ನೂರು ಕಾಲ ಬಾಳು.

ನಿನ್ನ
ಅಣ್ಣ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಯಾರಿಗೂ ಹೇಳಲಿಲ್ಲ ಎಂದು ಭಾವ ನಿನಗೆ ಹೇಳಿದ್ದು ಸುಳ್ಳು. ನನ್ನನ್ನು ಉಳಿಸಲು ಹೇಳಿದ್ದು. ಕೈಗೆ ಚುಚ್ಚಿದ ಕೂಡಲೇ ಅವರು ಪಂಪಿನ ಕೋಣೆಗೆ ನನ್ನ ಹತ್ತಿರ ಬಂದಿದ್ದರು. ಕೆಲಸದ ಜಾಗದಲ್ಲಿ ನನ್ನನ್ನು ಯಾವಾಗಲೂ ಸಾರ್ ಅನ್ನುವವರು, ಅಂದು “ಭಾವ, ಕೈಗೆ ಏನೋ ಚುಚ್ಚಿದ ಹಾಗಾಯ್ತು, ಒಂದ್ಸಲ ನೋಡ್ತೀರಾ” ಎಂದರು. ನಾನು ಮೋಟಾರಿನ ನಟ್ಟು ಬಿಗಿಯುತ್ತಿದ್ದೆ. ತಲೆ ಎತ್ತದೆ, “ಕೈ ತೊಳ್ಕೊಂಡು ಹೋಗಿ, ಬಿಸಿಲೇರೋದ್ರೊಳಗೆ ಆ ಸಾಲು ಮುಗೀಬೇಕು” ಎಂದೆ. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನಿಂತಿದ್ದಾರೆ ಎಂದು ನನಗೆ ಗೊತ್ತಿತ್ತು.

ಇದನ್ನು ನಿನ್ನೆ ಮ್ಯಾನೇಜರಿಗೆ ಹೇಳಿದ್ದೇನೆ. ಅವರು ಏನು ಮಾಡಿದರೂ ಸರಿಯೇ. ನಿನಗೆ ಎದುರು ನಿಂತು ಹೇಳುವ ಧೈರ್ಯವಾಗಲಿಲ್ಲ. ಮುಚ್ಚಿಟ್ಟರೆಂದು ಭಾವನ ಮೇಲೆ ಸಿಟ್ಟಾಗಬೇಡ. ನನ್ನನ್ನು ಬೈದು ಬರೆ, ಎಷ್ಟು ಬೇಕಾದರೂ ಬೈ. ಬರೆಯದೆ ಮಾತ್ರ ಇರಬೇಡ.