ಮಗನ ಕೈಗೆ ಕೊಟ್ಟ ಕೆನ್ನೆ

ಇವಳೇ,

ನೀನಿರುವಲ್ಲಿಗೆ ಅಂಚೆ ಹೋಗುವುದಿಲ್ಲವೆಂದು ಗೊತ್ತು. ಆದರೂ ಹೇಳದಿದ್ದರೆ ಹೊಟ್ಟೆ ಉಬ್ಬಿ ಒಡೆದೀತು. ನಮ್ಮ ಮಗ ಇವತ್ತು ಮುಚ್ಚಿದ್ದ ಕಟಿಂಗ್ ಶಾಪ್ ತೆರೆದು ಮೊದಲು ನನ್ನ ಗಡ್ಡವನ್ನೇ ಬೋಳಿಸಿದ. ಒಂದು ಹನಿ ರಕ್ತ ಬರಲಿಲ್ಲ ಕಣೇ!

ಬೈಪೋಲಾರ್ ಕಾಯಿಲೆಗೆ ಡಾಕ್ಟರ್ ಕೊಟ್ಟ ಮಾತ್ರೆಗಳನ್ನು ಅವನು ಎಂಟು ವರ್ಷ ಉಗಿದನಲ್ಲ. ನನ್ನ ಹಳಸಲು ಜೋಕುಗಳನ್ನೂ ನುಂಗುತ್ತಿದ್ದವನಿಗೆ ಮಾತ್ರೆ ಮಾತ್ರ ಬೇಡ. ನೀನು ಪುಡಿ ಮಾಡಿ ಹಾಲಿಗೆ ಬೆರೆಸಿದೆ, ನಾನು ಹಠಮಾರಿ ಎಂದು ಬೈದೆ. ಯಾಕಪ್ಪಾ ಬೇಡ ಎಂದು ಇಬ್ಬರೂ ಕೇಳಲಿಲ್ಲ.

ಕಳೆದ ತಿಂಗಳು ಕೇಳಿದೆ.

"ಅದು ನುಂಗಿದ್ರೆ ಕೈ ನಡುಗುತ್ತಪ್ಪಾ. ಗಿರಾಕಿ ಕುತ್ತಿಗೆ ಮೇಲೆ ಕತ್ತಿ ಇಡೋನು ನಾನು."

ನಾನೂ ಅವನೂ ಹೋಗಿ ಡಾಕ್ಟರಿಗೆ ಅದನ್ನೇ ಹೇಳಿದೆವು. ಅವರು ಔಷಧಿ ಬದಲಿಸಿದರು.

ಇವತ್ತು ಪರೀಕ್ಷೆ. ನೊರೆ ಹಚ್ಚಿ, ಉಸಿರು ಬಿಗಿಹಿಡಿದು ಕತ್ತಿ ಎಳೆದ. ಕೈ ಅಲುಗಲಿಲ್ಲ. ನಾನು ಸುಮ್ಮನಿರುತ್ತೇನೆಯೇ? ಅವನು ಕತ್ತಿ ಒರೆಸಲು ತಿರುಗಿದ ಕೂಡಲೇ "ಅಯ್ಯೋ, ನನ್ನ ಕಿವಿ!" ಎಂದು ಚೀರಿದೆ. ಹೌಹಾರಿ ಬಂದು ನನ್ನ ಎರಡೂ ಕಿವಿ ಮುಟ್ಟಿ ನೋಡಿದ. ಆಮೇಲೆ ಬಿದ್ದು ಬಿದ್ದು ನಕ್ಕ.

"ಮುಂದಿನ ಸಲ ನಿಜವಾಗ್ಲೂ ಕತ್ತರಿಸ್ತೀನಿ, ನೋಡ್ತಿರು!"

ಜೇಬಿನಿಂದ ತಾನೇ ಮಾತ್ರೆ ತೆಗೆದು ನುಂಗಿ, ಬಟ್ಟೆ ಕೊಡವಿ, "ಮುಂದಿನವ್ರು ಬನ್ನಿ!" ಎಂದು ಕೂಗಿದ. ಅಂಗಡಿಯಲ್ಲಿ ಇದ್ದವನು ನಾನೊಬ್ಬನೇ. ಎದ್ದು ಆಚೆ ಹೋಗಿ, ಗಿರಾಕಿಯ ಹಾಗೆ ಕೆಮ್ಮಿ, ಮತ್ತೆ ಒಳಗೆ ಬಂದೆ.

"ಕಟಿಂಗ್ ಆಗುತ್ತಾ ಸ್ವಾಮಿ?"

"ಇರೋ ಏಳು ಕೂದ್ಲಿಗಾ? ಕೂತ್ಕೊಳ್ಳಿ ಯಜಮಾನ್ರೇ, ಒಂದೊಂದಾಗಿ ನೋಡೋಣ."