ಬೂಟಿನ ಅಳತೆ

೭ ಅಕ್ಟೋಬರ್ ೧೯೫೬, ಭಾನುವಾರ. ಶಹಾಪುರ

...ಚೆಂಡು ನೋಡಬೇಡ, ಎದುರಿನವನ ನಡು ನೋಡು — ಉಸ್ತಾದರು ಹೀಗೆ ಅಂದಿದ್ದರೋ, ನಡು ನೋಡಬೇಡ, ಚೆಂಡು ನೋಡು ಅಂದಿದ್ದರೋ. ಅಮರಪ್ಪನ ಪ್ರಕಾರ ಮೊದಲನೆಯದು. ಶರೀಫಸಾಬನ ಪ್ರಕಾರ ಎರಡನೆಯದು. ಬೆಳಗಿನಿಂದ ನನ್ನ ಪಡಸಾಲೆಯಲ್ಲಿ ಕುಳಿತು ಇದೇ ವಾದ.

"ನೀ ಗೋಲಿನ್ಯಾಗ ನಿಂತಾಂವ. ಉಸ್ತಾದ ನಿನಗ ಹೇಳಿದ್ದು ಬ್ಯಾರೆ, ಆಡೋರಿಗೆ ಹೇಳಿದ್ದು ಬ್ಯಾರೆ."

"ನೀ ಎಂದರ ಆಡಿಯೇನು ಶರೀಫಸಾಬ? ಗೆರಿ ಹೊರಗ ನಿಂತು ಒದರೀದಿ ಅಷ್ಟ."

"ಒದರಿದ್ದಕ್ಕ ಗೆದ್ದೀರಿ ತಮ್ಮಾ. ಇಲ್ಲಂದ್ರ ನಿಮ್ಮನ್ನ ಕೇಳೋರು ಯಾರು?"

ಶರೀಫಸಾಬನದು ಯಾದಗಿರಿ ಸ್ಟೇಷನ್ನಿನ ಎದುರು ಚಹಾದ ಹೋಟೆಲು. ಅಮರಪ್ಪ ತಿಂಥಣಿಯವನು, ಹೊಳೆಯಲ್ಲಿ ಬಲೆ ಬೀಸುವವರ ಮಗ. ಹತ್ತು ವರ್ಷದ ಹಿಂದೆ ಗುಲ್ಬರ್ಗಾದ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಈಗ ಸುರಪುರದಲ್ಲಿ ಶಾಲಾ ಮಾಸ್ತರ. ನಾನು ಆಗ ಅದೇ ಕಾಲೇಜಿನ ಗುಮಾಸ್ತ. ಈಗ ಇಲ್ಲಿಯ ತಹಸೀಲು ಕಚೇರಿಯಲ್ಲಿ ಉರ್ದು ಕಾಗದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ.

ಬಂದ ಕೆಲಸ: ನವೆಂಬರ್ ಒಂದಕ್ಕೆ ಹೊಸ ರಾಜ್ಯ. ಆ ದಿನ ಯಾದಗಿರಿಯಲ್ಲಿ ಯಾದಗಿರಿಗೂ ಸುರಪುರಕ್ಕೂ ಮ್ಯಾಚ್. ಒಂದು ಶೀಲ್ಡ್. ಅದಕ್ಕೆ ಉಸ್ತಾದರ ಹೆಸರು, ಕಾಲೇಜಿನಲ್ಲಿ ಆಟ ಕಲಿಸುತ್ತಿದ್ದ ನಸೀರುದ್ದೀನ್ ಮಾಸ್ತರರದು. ತೀರಿಕೊಂಡು ಮೂರು ವರ್ಷ. ಅವರ ಮೇಲೆ ಅರ್ಧ ಪುಟ ಬರೆದುಕೊಡಬೇಕಂತೆ, ಕನ್ನಡದಲ್ಲಿ. ಮೈದಾನದಲ್ಲಿ ಓದಲಿಕ್ಕೆ.

"ನೀವು ಅವರ ಜೋಡಿ ಎಂಟು ವರ್ಷ ಇದ್ದೋರು, ರಾಯರ. ನೀವ ಬರೀಬೇಕು."

ಆಗಲಿ ಎಂದೆ. ಯಾಕೆ ಅಂದೆನೋ.

೮ ಅಕ್ಟೋಬರ್, ಸೋಮವಾರ

ನಾನು ಒಂದು ದಿನವೂ ಚೆಂಡು ಒದ್ದವನಲ್ಲ. ಕಾಲೇಜಿನ ನನ್ನ ಕಚೇರಿಯ ಕಿಟಕಿಯಿಂದ ಅರ್ಧ ಮೈದಾನ ಕಾಣುತ್ತಿತ್ತು, ಒಂದೇ ಗೋಲ್‌ಪೋಸ್ಟು. ಉಳಿದರ್ಧ ಆಟವನ್ನು ಗದ್ದಲದಿಂದ ತಿಳಿದುಕೊಳ್ಳಬೇಕು. ಗದ್ದಲ ಎದ್ದು ತಟ್ಟನೆ ನಿಂತರೆ — ತಪ್ಪಿತು. ನಿಲ್ಲದೆ ಹೋದರೆ ಗೋಲು.

ಗದ್ದಲ ಮಾಡುವವರು ಈ ಕಡೆಯವರೇ. ದೊಡ್ಡ ಮ್ಯಾಚಿದ್ದ ದಿನ ಯಾದಗಿರಿಯಿಂದ ಗುಲ್ಬರ್ಗಾಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಬಂದುಬಿಡುವರು. ಶಹಾಪುರದವರು, ಸುರಪುರದವರು, ಹಿಂದಿನ ರಾತ್ರಿಯೇ ಬಂಡಿ ಕಟ್ಟಿಕೊಂಡು ಸ್ಟೇಷನ್ ಸೇರಿದವರು. ಬುತ್ತಿಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ. ತಮ್ಮ ಊರಿನ ಕಾಲೇಜಲ್ಲ, ಆಡುವವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳೂ ಅಲ್ಲ. ಸುರಪುರದ ಮಗ್ಗುಲಿನ ನಮ್ಮ ರಂಗಂಪೇಟೆಯ ಉಸ್ತಾದ ಆಡಿಸುತ್ತಾನೆ — ಅಷ್ಟೇ ಸಾಕಿತ್ತು.

ಹುಡುಗರು ಬರಿಗಾಲಲ್ಲಿ ಬಂದವರು. ಕುರಿ ಕಾಯ್ದವರು, ಹೊಳೆ ದಾಟಿಸಿದವರು. ಹೈದರಾಬಾದಿನ ತಂಡಗಳು ಬೂಟು ಹಾಕಿಕೊಂಡು ಆಡುವವು. ನಲವತ್ತಾರರಲ್ಲಿ ಪ್ರಿನ್ಸಿಪಾಲರು ಬೂಟು ಮಂಜೂರು ಮಾಡಿದರು. ಉಸ್ತಾದರು ಒಬ್ಬೊಬ್ಬರನ್ನೇ ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಆಮೇಲೆ ಬೆರಳಿನಿಂದ ಅಳೆದರು. ಹದಿಮೂರು ಬೆರಳು, ಹದಿನಾಲ್ಕು ಬೆರಳು. ಅಮರಪ್ಪನದು ಹದಿನಾರು.

"ಇದು ಕಾಲಲ್ಲೋ, ದೋಣಿ" ಅಂದರು.

ಹುಡುಗರಿಗೆ ಎರಡು ಮೆಸ್ ಇದ್ದವು, ಹಿಂದೂ ಹುಡುಗರದು ಒಂದು, ಮುಸಲ್ಮಾನ ಹುಡುಗರದು ಒಂದು. ಮೆಸ್ಸಿಗೊಂದರಂತೆ ಎರಡು ಹಾಳೆಯಲ್ಲಿ ಹೆಸರು ಮತ್ತು ಅಂಕಿ ಬರೆದರು, ಉರ್ದುವಿನಲ್ಲಿ. ಹೈದರಾಬಾದಿನ ಬೂಟಿನ ಅಂಗಡಿಗೆ ಇಂಗ್ಲಿಷಿನಲ್ಲಿ ಆರ್ಡರು ಬರೆದವನು ನಾನು.

ಬೂಟು ಬಂದವು. ಕಲ್ಲಿನಂತೆ ಗಟ್ಟಿ. ಉಸ್ತಾದರು ಒಂದು ಹಗಲು ನೀರಲ್ಲಿ ನೆನೆಹಾಕಿಸಿ, ಹಸಿ ಬೂಟನ್ನೇ ಹುಡುಗರ ಕಾಲಿಗೆ ಹಾಕಿಸಿದರು. ಒಣಗುವವರೆಗೆ ಬಿಚ್ಚಬಾರದು. ಸಂಜೆಯೆಲ್ಲ ವರಾಂಡದಲ್ಲಿ ಪಿಚಕ್ ಪಿಚಕ್ ಸಪ್ಪಳ. ಲೇಸು ಕಟ್ಟಲು ಬಾರದು ಯಾರಿಗೂ. ಮೊದಲ ಮ್ಯಾಚಿನಲ್ಲಿ ಹಾಫ್‌ಟೈಮಿಗೆ ಉಸ್ತಾದರು ಒಂದು ಮಾತೂ ಆಡಲಿಲ್ಲ. ಮಂಡಿಯೂರಿ, ಒಬ್ಬೊಬ್ಬರ ಲೇಸು ಬಿಚ್ಚಿ ಮತ್ತೆ ಕಟ್ಟಿದರು. ಹನ್ನೊಂದು ಜನರದ್ದೂ. ವಯಸ್ಸು ಐವತ್ತು ದಾಟಿತ್ತು.

ಇದನ್ನು ಬರೆಯಬೇಕು. ಇದನ್ನಷ್ಟೇ ಬರೆಯಬೇಕು.

೧೨ ಅಕ್ಟೋಬರ್, ಶುಕ್ರವಾರ. ಯಾದಗಿರಿ

ಕಾಳಿನ ವ್ಯಾಪಾರಿ ಭಾಗಣ್ಣನ ಅಡತಿ ಅಂಗಡಿಯಲ್ಲಿ ಮೀಟಿಂಗು. ಶೀಲ್ಡ್ ಕೊಡಿಸುವವರು ಅವರೇ, ಅಧ್ಯಕ್ಷರೂ ಅವರೇ. ಹೆಸರಿನ ಮಾತು ಬಂದಾಗ ತಲೆಯಾಡಿಸಿದರು. ಬೇಡ ಎಂಬಂತೆ.

"ಐದು ತಿಂಗಳು ಜೇಲಿನ್ಯಾಗಿದ್ದ ಮನಷ್ಯಾ. ರಜಾಕಾರರ ಬಂದೂಕಿನ ಕಾರತೂಸಿನ ಲೆಕ್ಕ ಸಿಕ್ಕಿತ್ತಂತ ಅವನ ಪೆಟ್ಟಿಗ್ಯಾಗ."

"ಅಂತ, ಅಂತ" ಶರೀಫಸಾಬ ಅಂದ. "ಕೇಸು ಆತೇನು? ಬಿಟ್ಟು ಕಳಸಿದ್ರಲ್ಲ."

"ನಮ್ಮ ಅಣ್ಣನ ಮನಿ ಸುಟ್ಟರು, ಶರೀಫಾ. ನೀ ಬಂದು ನೀರು ಹಾಕೀದಿ, ನಾ ಮರತಿಲ್ಲ. ಆದ್ರ ಅಂಥಾವನ ಹೆಸರಿನ ಶೀಲ್ಡ್ ನಾ ಕೈಲೆ ಹೆಂಗ ಹಿಡೀಲಿ?"

 ಎದುರಿಗಿದ್ದ ಲೆಕ್ಕದ ಪುಸ್ತಕ ಮುಚ್ಚಿ ಭಾಗಣ್ಣನೇ ಮತ್ತೆ ಅಂದರು:

"ನಾನೂ ಗಾಡಿ ಹತ್ತಿ ಬಂದಾಂವನ. ನಾನೂ ಒದರೀನಿ. ಅದಕ್ಕ ಇನ್ನೂ ಹೊಟ್ಟಿ ಉರೀತದ."

ಅಮರಪ್ಪ ನನ್ನ ಕಡೆ ತಿರುಗಿದ. "ರಾಯರು ಕಚೇರಿಯಾಗ ಇದ್ರು. ಅವರಿಗೆ ಗೊತ್ತಿರಬೇಕು. ಹೇಳ್ರಿ ರಾಯರ, ಪೆಟ್ಟಿಗ್ಯಾಗ ಸಿಕ್ಕ ಆ ಚೀಟಿ ಏನಿತ್ತು?"

ಎಲ್ಲರೂ ನೋಡಿದರು. "ನೆನಪು ಮಾಡಿಕೊಂಡು ಹೇಳ್ತೀನಿ" ಅಂದೆ. ತೀರ್ಮಾನ ಇಪ್ಪತ್ತೊಂದಕ್ಕೆ ಹೋಯಿತು. ನಾನು ಹೇಳದಿದ್ದರೆ ಹೆಸರಿಲ್ಲ.

೧೩ ಅಕ್ಟೋಬರ್

ನೆನಪು ಮಾಡಿಕೊಳ್ಳುವುದೇನಿದೆ.

ನಲವತ್ತೆಂಟು, ಅಕ್ಟೋಬರ್. ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವಾರ. ಕಾಲೇಜಿನಲ್ಲಿ ಹುಡುಗರಿಲ್ಲ. ಹೊರಗಿನಿಂದ ಬಂದ ಅಧಿಕಾರಿ, ಉರ್ದು ಬಾರದು. ಉಸ್ತಾದರ ಪೆಟ್ಟಿಗೆಯಲ್ಲಿ ಸಿಕ್ಕ ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟ. ಓದು ಎಂದ. ಮುಸಲ್ಮಾನ ಹುಡುಗರ ಮೆಸ್ಸಿನ ಹಾಳೆ. ಒಂಬತ್ತು ಹೆಸರು, ಎದುರಿಗೆ ಒಂಬತ್ತು ಅಂಕಿ. ಹೆಸರು ಓದಿದೆ. ಅಂಕಿ ಓದಿದೆ.

"ಇವು ಕಾರತೂಸುಗಳೇ?"

"ಹಾಗೆಂದು ಬರೆದಿಲ್ಲ" ಎಂದೆ.

ಸುಳ್ಳಲ್ಲ. ಬೂಟು ಎಂದೂ ಬರೆದಿರಲಿಲ್ಲ. ಇನ್ನೊಂದು ಹಾಳೆ, ಅಮರಪ್ಪನ ಹೆಸರು ಮೊದಲಿದ್ದದ್ದು, ಆರ್ಡರಿನ ಕಾರ್ಬನ್ ಕಾಪಿಗೆ ಟಾಚಣಿ ಚುಚ್ಚಿ, ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಕೈ ಚಾಚಿದರೆ ಸಿಗುವಷ್ಟು ದೂರ. ಆ ವಾರ ಯಾರ ಪರವಾಗಿ ಯಾರು ಮಾತಾಡಿದರು ಎಂಬುದನ್ನೂ ಬರೆದುಕೊಳ್ಳುತ್ತಿದ್ದರು. ನಾನೂ ಹತ್ತು ವರ್ಷ ನಿಜಾಮನ ನೌಕರರ ರೂಮಿ ಟೋಪಿ ಹಾಕಿಕೊಂಡು ಕಚೇರಿಗೆ ಹೋದವನು, ನನ್ನ ಮೇಲೂ ಕಣ್ಣಿತ್ತು.

ಉಸ್ತಾದರು ಹೊರಗೆ ವರಾಂಡದಲ್ಲಿ ನಿಂತಿದ್ದರು, ಇಬ್ಬರು ಸಿಪಾಯಿಗಳ ನಡುವೆ. ಬೂಟಿನ ಅಳತೆ ಎಂದು ಅವರು ಮೊದಲೇ ಹೇಳಿದ್ದರಂತೆ. ಅಧಿಕಾರಿ ನಂಬಿರಲಿಲ್ಲ. ಒಬ್ಬ ಸಾಕ್ಷಿ ಬೇಕಿತ್ತು.

ಕಾಲೇಜು ಬಿಟ್ಟಾಗ ಕಪಾಟಿನ ಆ ಹಾಳೆ, ಕಾರ್ಬನ್ ಕಾಪಿ ಎರಡನ್ನೂ ಜೊತೆಗೆ ತಂದೆ. ಹರಿಯಲಿಲ್ಲ. ಯಾರಿಗೂ ತೋರಿಸಲಿಲ್ಲ.

೧೫ ಅಕ್ಟೋಬರ್, ಸೋಮವಾರ

ನಿನ್ನೆ ದಸರೆಯ ಬನ್ನಿ. ಕೈಯಲ್ಲಿ ಎಲೆ ಹಿಡಿದು ರಂಗಂಪೇಟೆಗೆ ಹೋದೆ. ಉಸ್ತಾದರ ತಂಗಿ ಮುನ್ನಿಬೀ ಒಬ್ಬಳೇ ಇದ್ದಾಳೆ, ಹೊಲಿಗೆ ಮಾಡಿಕೊಂಡು. ಓಣಿಯವರು ಕೊಟ್ಟುಹೋದ ಬನ್ನಿ ಆಗಲೇ ಒಂದು ತಟ್ಟೆ ತುಂಬಿತ್ತು.

"ಬರ್ರಿ ರಾಯರ. ಭಾಯಿ ನಿಮ್ಮ ಅಕ್ಷರ ಭಾಳ ಹೊಗಳ್ತಿದ್ದ."

ಹೇಳಲೆಂದೇ ಹೋಗಿದ್ದೆ. ಆಕೆಯೇ ಹೇಳುತ್ತ ಹೋದಳು. ಜೈಲಿನಿಂದ ಬಂದ ಮೇಲೆ ಅಣ್ಣ ಕಾಲೇಜಿನ ಕಡೆ ಹೋಗಲಿಲ್ಲ. ಓಣಿಯ ಹುಡುಗರನ್ನು ಕಟ್ಟಿಕೊಂಡು ಆಡಿಸುತ್ತಿದ್ದ.

"ಅರಿವಿ ಚೆಂಡು ಹೊಲದು ಕೊಡ್ತಿದ್ದ ಅಂತ ಎಲ್ಲಾರೂ ಅಂತಾರ. ಹೊಲದಾಕಿ ನಾನು. ಹೆಸರು ಅವಂದು." ನಕ್ಕಳು. ಆಮೇಲೆ ನಗಲಿಲ್ಲ.

"ಆ ಚೀಟಿ ಓದಿದಾಂವ ಯಾರು ಅಂತ ನೂರು ಸಲ ಕೇಳೀನ್ರಿ. 'ಓದಿದಾಂವ ಇದ್ದದ್ದ ಓದಿದಾ. ನಾ ಕೇಳಸ್ಕೊಂಡೀನಿ. ತಪ್ಪು ಓದಲಿಲ್ಲ' ಅಂದ. ಹೆಸರು ಮಾತ್ರ ಹೇಳಲಿಲ್ಲ. ಸಾಯೋ ಹೊತ್ತಿಗೂ ಕೇಳೀನಿ. ತಂಗಿಗಿಂತ ಆ ಓದಿದಾಂವ ಹೆಚ್ಚಾದ. ಸತ್ತಾಂವನ ಮ್ಯಾಲ ಸಿಟ್ಟು ಮಾಡಬಾರದು. ಆದ್ರೂ ಅದ, ಏನ್ ಮಾಡ್ಲಿ?"

ಕೇಳಿಸಿಕೊಂಡಿದ್ದರು.

ಬನ್ನಿ ಕೊಟ್ಟೆ. ಆಕೆ ಸಕ್ಕರೆ ಕೊಟ್ಟಳು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಹೊತ್ತಾಗಿರಲಿಲ್ಲ.

೨೧ ಅಕ್ಟೋಬರ್, ಭಾನುವಾರ. ಯಾದಗಿರಿ ಸ್ಟೇಷನ್

ಹಾಳೆ ಮತ್ತು ಕಾರ್ಬನ್ ಕಾಪಿ ಎರಡನ್ನೂ ಭಾಗಣ್ಣನ ಗಾದಿಯ ಮೇಲೆ ಇಟ್ಟೆ. ಇದು ಬೂಟಿನ ಅಳತೆ, ಇಂಥವೇ ಎರಡು ಹಾಳೆ ಇದ್ದವು, ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಇದರ ಜೋಡಿ, ಆರ್ಡರಿನಲ್ಲಿ ಎಲ್ಲರ ಹೆಸರೂ ಅದೇ ಅಂಕಿಯೂ ಇವೆ ಎಂದೆ. ಅಮರಪ್ಪ ಬಗ್ಗಿ ನೋಡಿದ.

"ಹದಿನಾರು. ಇದು ನನ್ನ ಕಾಲು."

ಭಾಗಣ್ಣನಿಗೆ ಉರ್ದು ಚೆನ್ನಾಗಿ ಬರುತ್ತದೆ. ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಪೆಟ್ಟಿಗೆಯ ಚೀಟಿಯಲ್ಲಿದ್ದ ಆ ಒಂಬತ್ತು ಹೆಸರನ್ನೂ ಕಾರ್ಬನ್ ಕಾಪಿಯಲ್ಲಿ ಹುಡುಕಿಸಿ, ನನ್ನಿಂದ ಓದಿಸಿದರು.

"ಇವು ಎಲ್ಲಿದ್ವು?"

"ನನ್ನ ಕಪಾಟಿನ್ಯಾಗ."

"ಯಾವಾಗಿಂದ?"

"ಬರೆದಾಗಿಂದ."

"ಆವತ್ತೂ?"

"ಆವತ್ತೂ. ಚೀಟಿ ಓದಿದಾಂವ ನಾನ."

ಹೊರಗೆ ಹಮಾಲರು ಮೂಟೆ ಇಳಿಸುವ ಸದ್ದು. 

"ಎಂಟು ವರ್ಷ ಬಯ್ದೀನಿ ಆ ಮನಷ್ಯಾಗ" ಭಾಗಣ್ಣ ಅಂದರು, ನನಗಲ್ಲ. "ಹೆಸರು ಕೆತ್ತಸ್ರಿ."

ಅಷ್ಟೇ. ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎದುರಿಗೊಂದು ಮಾತು ಹುಡುಕಬಹುದಿತ್ತು. ಅಮರಪ್ಪ ಮಾತ್ರ:

"ಅರ್ಧ ಪುಟ ಬರೀಬ್ಯಾಡ್ರಿ ರಾಯರ. ನೆನಪಿದ್ದಷ್ಟು ನಾನ ಹೇಳ್ತೀನಿ. ನಾ ಆವತ್ತು ತಿಂಥಣಿಯಾಗ ಇದ್ನಿ. ಒಂದು ಕಾರ್ಡ್ ಹಾಕಿದ್ರ ಸಾಕ್ಷಿ ಹೇಳಾಕ ಹೊಳಿ ಈಸಿಕೊಂಡು ಬರ್ತಿದ್ನಿ."

ಶೀಲ್ಡನ್ನು ಮುನ್ನಿಬೀಯ ಕೈಯಿಂದ ಕೊಡಿಸಬೇಕು ಎಂದ ಶರೀಫಸಾಬ. ಒಪ್ಪಿದರು. ಯಾರು ಕರೆತರುವುದು?

"ರಾಯರ ಕರಕೊಂಡು ಬರ್ಲಿ" ಅಮರಪ್ಪ ಅಂದ. "ಹಾದಿಯಾಗ ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು. ನಾವ್ಯಾರೂ ಬಾಯಿ ಬಿಡಂಗಿಲ್ಲ."

ಈಗ ಶರೀಫಸಾಬನ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೇನೆ. ಚಹಾ ತಂದಿಟ್ಟ. ಎಂದಿನಂತೆ ಎದುರಿಗೆ ಕೂಡಲಿಲ್ಲ.

೨೬ ಅಕ್ಟೋಬರ್

ಅರ್ಧ ಪುಟ ಬರೆದೆ. ಯಾರೂ ಓದುವುದಿಲ್ಲ ಎಂದ ಮೇಲೆ ಸಲೀಸಾಗಿ ಬಂತು. ಒಂದೂವರೆ ಪುಟವಾಯಿತು.

ಹೈದರಾಬಾದಿನವರನ್ನು ಸೋಲಿಸಿದ ದಿನ. ಕೊನೆಯ ನಿಮಿಷ, ಪೆನಾಲ್ಟಿ, ಅಮರಪ್ಪ ಹಿಡಿದ — ನನಗೆ ಕಾಣುವ ಗೋಲ್‌ಪೋಸ್ಟಿನಲ್ಲೇ. ಜನ ಮೈದಾನಕ್ಕೆ ನುಗ್ಗಿದರು. ಭಾಗಣ್ಣನ ರುಮಾಲು ಹಾರಿ ಹೋಗಿತ್ತು, ಈಗ ನೆನಪಾಗುತ್ತಿದೆ, ಬೋಳುತಲೆಯಲ್ಲಿ ಕುಣಿಯುತ್ತಿದ್ದವರು ಅವರೇ. ಉಸ್ತಾದರು ಕುಣಿಯಲಿಲ್ಲ. ಸೋತ ಕಡೆಯ ಹುಡುಗನೊಬ್ಬ ಕುಳಿತುಬಿಟ್ಟಿದ್ದ, ಪೆನಾಲ್ಟಿ ಒದ್ದವನು. ಅವನ ಪಕ್ಕ ಹೋಗಿ ಕುಳಿತರು. ಬಹಳ ಹೊತ್ತು. ಏನು ಮಾತಾಡಿದರೋ. ಹುಡುಗ ಎದ್ದಾಗ ಮೈಗೆ ಹತ್ತಿದ ಮಣ್ಣು ಜಾಡಿಸಿ ಕಳಿಸಿದರು.

ಈ ಕಡೆಯವರೆಲ್ಲ ಗಾಡಿಗೆ ಓಡಿದರು. ಸ್ಟೇಷನ್ನಿನವರೆಗೂ ಹಾಡು ಕೇಳಿಸುತ್ತಿತ್ತು. ನಾನು ಕಿಟಕಿ ಹಾಕಿ ಬೀಗ ಹಾಕಿಕೊಂಡು ಹೊರಟೆ. ಖುಷಿಯಾಗಿತ್ತು ಎಂದು ಈಗ ತಿಳಿಯುತ್ತದೆ.

೧ ನವೆಂಬರ್, ಗುರುವಾರ. ಬೆಳಿಗ್ಗೆ ೬. ಸುರಪುರ

ಸೋದರತ್ತೆಯ ಮನೆಯಲ್ಲಿ ಮಲಗಿದ್ದೆ. ಊರಲ್ಲಿ ತೋರಣ, ಬಾವುಟ. ಶಾಲೆಯ ಮಕ್ಕಳು ಆಗಲೇ ಸಾಲು ನಿಂತಿವೆ. ಇಂದಿನಿಂದ ಬೇರೆ ರಾಜ್ಯ. ಕಚೇರಿಗೆ ರಜೆ.

ನಿನ್ನೆ ಸಂಜೆ ಮುನ್ನಿಬೀಗೆ ಹೇಳಿಬಂದೆ, ಏಳರ ಬಸ್ಸು ಎಂದು. ಹೊಸ ಸೀರೆ ಇಸ್ತ್ರಿ ಮಾಡಿಸಿ ಇಟ್ಟಿದ್ದಾಳೆ. ಯಾದಗಿರಿ ನೋಡಿ ಆರು ವರ್ಷವಾಯಿತಂತೆ. "ಭಾಯಿ ಹೆಸರು ಕೆತ್ತಿದ್ದು ಕೈಲೆ ಮುಟ್ಟಿ ನೋಡಬೇಕ್ರಿ, ನನಗ ಓದಾಕ ಬರಂಗಿಲ್ಲ" ಅಂದಳು. ಬಾಗಿಲವರೆಗೆ ಬಂದು, "ಅಲ್ಲಿ ಕಾಲೇಜಿನವರು ಬಂದಿರ್ತಾರಲ್ಲ, ಅವರನ್ನ ಕೇಳ್ತೀನಿ. ಓದಿದಾಂವ ಯಾರು ಅಂತ ಯಾರಿಗರ ಗೊತ್ತಿರಬೇಕು" ಅಂದಳು.

ಬಸ್ಸಿನಲ್ಲಿ ಎರಡೂವರೆ ತಾಸು. ಪಕ್ಕದ ಸೀಟು. ಹೇಳಿದರೆ ಆಕೆಯ ಸಿಟ್ಟು ಅಣ್ಣನ ಮೇಲಿಂದ ನನ್ನ ಮೇಲೆ ಬರುತ್ತದೆ, ಅದು ಸರಿಯೇ. ಆದರೆ ಶೀಲ್ಡ್ ಹಿಡಿಯುವ ದಿನವೇ ಆ ಸಿಟ್ಟನ್ನೂ ಹೊತ್ತು ನಿಲ್ಲಬೇಕಾಗುತ್ತದೆ. ಹೇಳದಿದ್ದರೆ ಮೈದಾನದಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಾಳೆ, ಎಲ್ಲರೂ ಗೊತ್ತಿದ್ದೂ ಇಲ್ಲವೆನ್ನುತ್ತಾರೆ, ನಾನು ಹಿಂದೆ ನಿಂತಿರುತ್ತೇನೆ.

ಹಾರ್ನ್ ಕೇಳಿಸಿತು. ರಂಗಂಪೇಟೆಯ ಕಡೆ ಹೊರಡಬೇಕು.

ಉಸ್ತಾದರೇ, ಸಾಯುವ ಹೊತ್ತಿಗೂ ನೀವು ತಂಗಿಗೆ ಹೇಳದೆ ಇಟ್ಟುಕೊಂಡ ಹೆಸರನ್ನು — ನಾನು ಹೇಳಲೇ?